ಕರ್ತೃವಿನ ಪಕ್ಷಪಾತ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರರ ಪೈಕಿ ಆಂಟನಿ ಟ್ರಾಲಪ್ಪನಷ್ಟು ಭಾವಾವೇಶದಿಂದ ದೂರವಾಗಿ, ಬರವಣಿಗೆಯನ್ನು ಒಂದು ನಿತ್ಯಕರ್ಮವೆಂದೇ ಬಗೆದು ನಡೆಸಿಕೊಂಡು ಬಂದವನು ಬೇರೊಬ್ಬನು ಇರಲಿಕ್ಕಿಲ್ಲ. ಅಂಚೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಆತನು ಬೆಳಗಿನ ಜಾವದಲ್ಲೆದ್ದು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಎಣಿಸಿ ಬರೆದು, ಆ ದಿನದ ಪಾಲು ಮುಗಿದ ಬಳಿಕವೇ ಉಪಾಹಾರಕ್ಕೆ ಏಳುತ್ತಿದ್ದನು. ಇಂಥ ಲೆಕ್ಕಾಚಾರದ ಮನುಷ್ಯನು ಒಂದು ದಿನ ಲಂಡನ್ನಿನ ಅಥೀನಿಯಂ ಕ್ಲಬ್ಬಿನ ವಿಶಾಲವಾದ ಪಡಸಾಲೆಯ ಒಂದು ಕೊನೆಯಲ್ಲಿ ಕುಳಿತು ಬಾರ್ಸೆಟ್ ಮಾಲೆಯ ಕಡೆಯ ಕಾದಂಬರಿಯನ್ನು ಬರೆಯುತ್ತಿದ್ದಾಗ, ಸನಿಹದಲ್ಲಿಯೇ ಕುಳಿತಿದ್ದ ಇಬ್ಬರು ಪಾದ್ರಿಗಳು ಅವನದೇ ಕಾದಂಬರಿಗಳ ಭಾಗಗಳಿದ್ದ ಪತ್ರಿಕೆಗಳನ್ನು ಕೈಯಲ್ಲಿ ಹಿಡಿದು, ಈ ಲೇಖಕನು ಹಳೆಯ ಪಾತ್ರಗಳನ್ನೇ ಮತ್ತೆ ಮತ್ತೆ ತರುತ್ತಾನೆಂದೂ, ಅವರಲ್ಲಿ ಬಿಷಪ್ಪನ ಹೆಂಡತಿ ಮಿಸೆಸ್ ಪ್ರೌಡಿಯಂತೂ ಸಹಿಸಲಸಾಧ್ಯಳೆಂದೂ ದೂರತೊಡಗಿದರು. ಟ್ರಾಲಪ್ಪನು ಎದ್ದು ಹೋಗಿ, ಆ ಅಪರಾಧಿ ತಾನೇ ಎಂದು ಹೇಳಿಕೊಂಡು, ಮಿಸೆಸ್ ಪ್ರೌಡಿಯನ್ನು ಈ ವಾರ ಕಳೆಯುವುದರೊಳಗೆ ಕೊಂದುಬಿಡುವುದಾಗಿ ಮಾತು ಕೊಟ್ಟನು. ತಬ್ಬಿಬ್ಬಾದ ಪಾದ್ರಿಗಳಲ್ಲೊಬ್ಬರು ತಮ್ಮ ಲಘುವಾದ ಮಾತನ್ನು ಮರೆತುಬಿಡಬೇಕೆಂದು ಬೇಡಿಕೊಂಡರೂ ಆತನು ಕೊಟ್ಟ ಮಾತನ್ನು ನಡೆಸಿಯೇ ತೀರಿದನು.

1857ರಲ್ಲಿ ಮೊದಲು ಕಾಣಿಸಿಕೊಂಡ ಆ ಹೆಂಗಸು 1867ರಲ್ಲಿ ಪುಸ್ತಕವಾಗಿ ಮುಗಿದ ಕಾದಂಬರಿಯಲ್ಲಿ ಸತ್ತಳು. ಆದರೆ ಟ್ರಾಲಪ್ಪನು ಬರೆದಿಟ್ಟು, ಅವನು ತೀರಿಕೊಂಡ ಬಳಿಕ 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಅವಳನ್ನು ಕೊಂದುದಕ್ಕಾಗಿ ತಾನು ಒಮ್ಮೊಮ್ಮೆ ಪರಿತಪಿಸಿದುದನ್ನೂ, ಅವಳ ಪ್ರೇತದ ಸಹವಾಸದಲ್ಲಿ ತಾನಿನ್ನೂ ಬಾಳುತ್ತಿರುವುದನ್ನೂ ಮುಚ್ಚುಮರೆಯಿಲ್ಲದೆ ನಿವೇದಿಸಿಕೊಂಡಿದ್ದಾನೆ. ಅನೇಕ ಸಜ್ಜನರನ್ನೂ, ಸುಂದರಿಯರಾದ ಕನ್ಯೆಯರನ್ನೂ, ಓದುಗರು ಮೆಚ್ಚಿ ಕೊಂಡಾಡಿದ ವೃದ್ಧ ಪುರೋಹಿತರನ್ನೂ ಸೃಷ್ಟಿಸಿದ ಲೇಖನಿಯು, ಗಂಡನನ್ನು ಹೆದರಿಸಿ ಆಳುತ್ತಿದ್ದ ಒಬ್ಬ ಗಯ್ಯಾಳಿಯ ಮರಣಕ್ಕಾಗಿ ಹೀಗೇಕೆ ಮರುಗಿತು?

ಕೃತಿಕಾರನಿಗೆ ತಾನು ಕಲ್ಪಿಸಿದ ಪಾತ್ರಗಳು ಮಕ್ಕಳಿದ್ದಂತೆ ಎಂದು ನಾವು ಬಹುಕಾಲದಿಂದ ಹೇಳಿಕೊಂಡು ಬಂದಿದ್ದೇವೆ. ಸಭೆ ಸಮಾರಂಭಗಳಲ್ಲಿ ಲೇಖಕರೂ ಈ ಮಾತನ್ನು ಸಂತೋಷದಿಂದಲೇ ಒಪ್ಪಿಕೊಳ್ಳುತ್ತಾರೆ. ಹೆತ್ತವರ ವಾತ್ಸಲ್ಯಕ್ಕೆ ಕಾರಣವನ್ನು ಕೇಳುವವರಿಲ್ಲವಾದುದರಿಂದ, ಈ ಉಪಮೆಯನ್ನು ಒಪ್ಪಿದೊಡನೆ ವಿಚಾರವು ಅಲ್ಲಿಗೆ ನಿಂತುಹೋಗುತ್ತದೆ. ನೂರಾರು ಪಾತ್ರಗಳನ್ನು ಸೃಷ್ಟಿಸಿದ ಲೇಖಕನು ಅವರಲ್ಲಿ ಒಬ್ಬನನ್ನೋ ಒಬ್ಬಳನ್ನೋ ಮಾತ್ರ ಹೃದಯದಲ್ಲಿಟ್ಟುಕೊಂಡು ಉಳಿದವರನ್ನು ಮರೆಯುತ್ತಾನಲ್ಲ, ಆ ಆಯ್ಕೆಯ ಹಿಂದಿರುವ ನಿಯಮವೇನು ಎಂಬ ಪ್ರಶ್ನೆಯು ಉಪಮೆಯ ಮರೆಯಲ್ಲಿ ಉಳಿದುಬಿಡುತ್ತದೆ. ತನ್ನನ್ನೇ ಹೋಲುವ ಪಾತ್ರವನ್ನು ಕರ್ತೃವು ಪ್ರೀತಿಸುತ್ತಾನೆಂದು ಹೇಳುವವರುಂಟು. ಮಿಸೆಸ್ ಪ್ರೌಡಿಯಲ್ಲಿ ಟ್ರಾಲಪ್ಪನ ಹೋಲಿಕೆ ಲೇಶವಾದರೂ ಇಲ್ಲ. ತನಗೆ ಕೀರ್ತಿಯನ್ನೂ ಧನವನ್ನೂ ತಂದ ಪಾತ್ರದ ಮೇಲೆ ಮಮತೆ ಹುಟ್ಟುವುದು ಸಹಜವೆಂದು ವಾದಿಸುವವರೂ ಉಂಟು. ಅವರಿಗೆ ಆರ್ಥರ್ ಕಾನನ್ ಡಾಯ್ಲನ ಜೀವನವೇ ಉತ್ತರವಾಗಿದೆ.

1887ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸನ ಮೊದಲ ಕಥೆಯ ಸಮಸ್ತ ಹಕ್ಕುಗಳನ್ನು ಡಾಯ್ಲನು 25 ಪೌಂಡುಗಳಿಗೆ ಮಾರಿದನು. 1891ರಿಂದ 'ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಬರತೊಡಗಿದ ಕಥೆಗಳು ಆ ಪತ್ತೇದಾರನನ್ನು ಜಗತ್ತಿನ ಮನೆಮಾತಾಗಿಸಿ, ಕರ್ತೃವನ್ನು ಸಿರಿವಂತನನ್ನಾಗಿಸಿದವು. ಆದರೆ ಡಾಯ್ಲನ ಹೃದಯವಿದ್ದುದು ತಾನು ಬಹಳ ಅಧ್ಯಯನದಿಂದ ರಚಿಸಿದ ಐತಿಹಾಸಿಕ ಕಾದಂಬರಿಗಳಲ್ಲಿ. ಹೋಮ್ಸನು ತನ್ನ ಉತ್ತಮ ಕಾರ್ಯಕ್ಕೆ ಅಡ್ಡಬರುತ್ತಿದ್ದಾನೆಂಬ ಬೇಸರವು ಅವನಲ್ಲಿ ಬೆಳೆಯಿತು. ತಾಯಿಯು ಬೇಡವೆಂದು ತಡೆದುದರಿಂದ ಎರಡು ವರ್ಷ ಮುಂದೂಡಿದ್ದ ಸಂಕಲ್ಪವನ್ನು 1893ರಲ್ಲಿ ನೆರವೇರಿಸಿ, ಸ್ವಿಟ್ಸರ್ಲೆಂಡಿನ ರೈಖೆನ್‌ಬಾಖ್ ಜಲಪಾತದ ಬಳಿ ಹೋಮ್ಸನನ್ನು ಕೊನೆಗಾಣಿಸಿದನು. ಓದುಗರು ಗೋಳಿಟ್ಟರೂ ಕರ್ತೃವು ಕಣ್ಣೀರಿಡಲಿಲ್ಲ. 1903ರಲ್ಲಿ ಹೋಮ್ಸನು ಪುನರ್ಜೀವಿತನಾದುದು ಪ್ರಕಾಶಕರ ಹಾಗೂ ಓದುಗರ ಒತ್ತಾಯದಿಂದಲೇ ಹೊರತು ಮಮತೆಯ ಒತ್ತಡದಿಂದಲ್ಲ. ಅದೇ ಡಾಯ್ಲನು 1912ರಲ್ಲಿ ಪ್ರಕಟವಾದ 'ದ ಲಾಸ್ಟ್ ವರ್ಲ್ಡ್' ಕಾದಂಬರಿಯ ನಾಯಕನಾದ ಪ್ರೊಫೆಸರ್ ಚಾಲೆಂಜರನೆಂಬ ಮುಂಗೋಪಿ ವಿಜ್ಞಾನಿಯನ್ನು ಎಷ್ಟು ಮೆಚ್ಚಿದ್ದನೆಂದರೆ, ತಾನೇ ಕೃತಕ ಗಡ್ಡವನ್ನು ಅಂಟಿಸಿಕೊಂಡು ಅವನ ವೇಷದಲ್ಲಿ ಭಾವಚಿತ್ರ ತೆಗೆಸಿಕೊಂಡನು. ತಾನು ಕಲ್ಪಿಸಿದವರೆಲ್ಲರಲ್ಲಿಯೂ ತನ್ನನ್ನು ಹೆಚ್ಚು ರಂಜಿಸಿದವನು ಅವನೇ ಎಂದು ಮುಂದೆ ಬರೆದನು.

ಈ ಎರಡು ವೃತ್ತಾಂತಗಳನ್ನು ಅಕ್ಕಪಕ್ಕದಲ್ಲಿಟ್ಟು ಆಲೋಚಿಸಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೋಮ್ಸನಿಗೆ ಕಥೆಯೊಳಗೇ ಒಬ್ಬ ವಾಟ್ಸನ್ ಇದ್ದಾನೆ. ಆತನ ಪ್ರತಿಯೊಂದು ಚಾತುರ್ಯವನ್ನೂ ಕಂಡು ಬೆರಗಾಗಿ, ಬರೆದಿಟ್ಟು, ಲೋಕಕ್ಕೆ ಸಾರುವ ನಿಷ್ಠಾವಂತ ಸಾಕ್ಷಿ ಅವನು. ಹೊರಗೆ ಲಕ್ಷಾಂತರ ಓದುಗರು ಜಯಘೋಷ ಮಾಡುತ್ತಿದ್ದಾರೆ. ಇಂಥವನ ಪರವಾಗಿ ಮಾತನಾಡಲು ಕರ್ತೃವೇ ಬರಬೇಕಾದ ಅಗತ್ಯವಿಲ್ಲ. ಮಿಸೆಸ್ ಪ್ರೌಡಿಗೆ ಅಂಥವರು ಯಾರೂ ಇಲ್ಲ. ಊರಿನವರು ಅವಳನ್ನು ದ್ವೇಷಿಸುತ್ತಾರೆ, ಗಂಡನು ಅಂಜುತ್ತಾನೆ, ಓದುಗರಾದ ಪಾದ್ರಿಗಳು ಕ್ಲಬ್ಬಿನಲ್ಲಿ ಕುಳಿತು ಹೀಯಾಳಿಸುತ್ತಾರೆ. ಅವಳು ದಬ್ಬಾಳಿಕೆಗಾರ್ತಿಯಾದರೂ ಕಪಟಿಯಲ್ಲವೆಂದೂ, ತಾನು ನಂಬಿದುದನ್ನು ಮನಃಪೂರ್ವಕವಾಗಿ ನಂಬಿ, ಅದರಿಂದಲೇ ಇತರರನ್ನು ಉದ್ಧರಿಸಹೊರಟವಳೆಂದೂ, ಗಂಡನ ಬಾಳನ್ನು ತಾನೇ ಹಾಳುಮಾಡಿದೆನೆಂಬ ಅರಿವು ಮೂಡಿದಾಗ ಆ ಪಶ್ಚಾತ್ತಾಪವೇ ಅವಳ ಪ್ರಾಣವನ್ನು ನೀಗಿಸಿತೆಂದೂ ಬಲ್ಲವನು ಪ್ರಪಂಚದಲ್ಲಿ ಒಬ್ಬನೇ, ಅವನು ಟ್ರಾಲಪ್. ತನ್ನೊಬ್ಬನಿಗೇ ತಿಳಿದಿರುವ ಒಬ್ಬರ ಒಳ್ಳೆಯತನವು ಮನುಷ್ಯನನ್ನು ಕಟ್ಟಿಹಾಕುವಷ್ಟು ಬಲವಾಗಿ ಮತ್ತಾವುದೂ ಕಟ್ಟಲಾರದು. ಯಾವ ಪಾತ್ರಕ್ಕೆ ಕರ್ತೃವನ್ನುಳಿದು ಬೇರೆ ಸಾಕ್ಷಿಯಿಲ್ಲವೋ ಆ ಪಾತ್ರದ ಕಡೆಗೇ ಅವನ ಹೃದಯವು ವಾಲುತ್ತದೆಂಬುದು ನನ್ನ ದೃಢವಾದ ನಂಬುಗೆ.

ನಮ್ಮ ಸಾಹಿತ್ಯಕ್ಕೆ ಇದು ಹೊಸ ಸಂಗತಿಯೇನೂ ಅಲ್ಲ. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ ಪಂಪನು ತನ್ನ ಆಶ್ರಯದಾತನೂ ಗೆಳೆಯನೂ ಆದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸುವ ಭಾರವನ್ನು ಹೊತ್ತಿದ್ದನು. ಕೃತಿಯ ಹೆಸರೂ, ಅದರ ಉದ್ದೇಶವೂ, ದೊರೆಯ ಮನ್ನಣೆಯೂ ಅರ್ಜುನನ ಪಾಲಿನವು. ಆದರೂ ಕರ್ಣನ ಪ್ರಸಂಗ ಬಂದಾಗಲೆಲ್ಲ ಕವಿಯ ವಾಣಿಯು ಬೇರೊಂದು ಗಾಂಭೀರ್ಯವನ್ನು ತಾಳುತ್ತದೆಂಬುದನ್ನೂ, ಕರ್ಣನ ಅವಸಾನದಲ್ಲಿ ಕವಿಯೇ ಮುಂದೆ ಬಂದು ಅವನ ಪರವಾಗಿ ನುಡಿಯುತ್ತಾನೆಂಬುದನ್ನೂ ಬಲ್ಲವರೆಲ್ಲ ಬಲ್ಲರು. ಅರ್ಜುನನಿಗೆ ಕೃಷ್ಣನಿದ್ದನು, ಅಣ್ಣತಮ್ಮಂದಿರಿದ್ದರು, ಕೊನೆಗೆ ಅರಿಕೇಸರಿಯ ಆಸ್ಥಾನವೇ ಇತ್ತು. ಹೆತ್ತ ತಾಯಿಯೇ ತನ್ನವನೆಂದು ಹೇಳಲಾರದೆ ಹೋದ ಕರ್ಣನಿಗೆ ಕವಿಯಲ್ಲದೆ ಇನ್ನಾರು ಗತಿ? ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯದಲ್ಲಿಯೂ ದುರ್ಯೋಧನನೇ ನಮ್ಮ ಅಂತಃಕರಣವನ್ನು ಕಲಕುವವನು. ಆ ಪಾತ್ರಗಳು ವ್ಯಾಸರಿಂದ ಬಂದವುಗಳಾದರೂ, ಕನ್ನಡ ಕವಿಗಳು ಅವುಗಳಿಗೆ ಎರೆದ ಮಮತೆಯು ಅವರ ಸ್ವಂತದ್ದು. ಈ ಶತಮಾನಗಳ ಹಾದಿಯಲ್ಲಿಯೇ ನಡೆದು ಬಂದ ಕುವೆಂಪು ಅವರು 1949ರಲ್ಲಿ ಹೊರಬಂದ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಲೋಕವೆಲ್ಲ ಶಪಿಸಿದ ಮಂಥರೆಗೆ ಒಂದು ಸಂಚಿಕೆಯನ್ನೇ ಮೀಸಲಿಟ್ಟು, ಅವಳ ಕೇಡಿನ ಬೇರು ಭರತನ ಮೇಲಣ ಮಮತೆಯಲ್ಲಿತ್ತೆಂಬುದನ್ನು ಕಾಣಿಸಿದರು. ಆ ಗೂನಿಯ ಪರವಾಗಿ ಅದಕ್ಕೆ ಮುನ್ನ ಯಾರೂ ಅಷ್ಟು ಹೊತ್ತು ನಿಂತು ಮಾತನಾಡಿರಲಿಲ್ಲ.

ಕುವೆಂಪು ಅವರು ಸಂಪೂರ್ಣವಾಗಿ ತಾವೇ ಕಲ್ಪಿಸಿದ ಜನರ ನಡುವೆ ಬಂದಾಗ ಈ ಪಕ್ಷಪಾತವು ಇನ್ನೂ ಎದ್ದು ಕಾಣುತ್ತದೆ. 1936ರ 'ಕಾನೂರು ಹೆಗ್ಗಡಿತಿ'ಯಲ್ಲಿ ಅವರ ಆದರ್ಶಗಳನ್ನು ಹೊತ್ತು ನಡೆಯುವವನು ಹೂವಯ್ಯ. ಆತನು ಓದಿದವನು, ಉದಾತ್ತನು, ತನ್ನ ವಿಚಾರಗಳನ್ನು ತಾನೇ ವಿವರಿಸಬಲ್ಲವನು. ಮೂವತ್ತೊಂದು ವರ್ಷಗಳ ತರುವಾಯ, 1967ರಲ್ಲಿ, 'ಮಲೆಗಳಲ್ಲಿ ಮದುಮಗಳು' ಪ್ರಕಟವಾದಾಗ, ಮಲೆನಾಡಿನ ಗೌಡರ ಮನೆತನದಲ್ಲಿ ಹುಟ್ಟಿದ ಆ ಮಹಾಲೇಖಕರು ಓದುಗನ ಕೈಹಿಡಿದು ಮೊದಲು ಕರೆದೊಯ್ದುದು ಸಿಂಬಾವಿ ಹೆಗ್ಗಡೆಯವರ ಜೀತದಾಳಾದ ಗುತ್ತಿಯ ಬಳಿಗೆ. ತನ್ನ ನಾಯಿಯನ್ನು ಬಿಟ್ಟಗಲದಿದ್ದುದರಿಂದ ನಾಯಿಗುತ್ತಿಯೆಂದೇ ಹೆಸರಾದ ಅವನಿಗೆ ಭೂಮಿಯಿಲ್ಲ, ಅಕ್ಷರವಿಲ್ಲ, ತನ್ನ ಮನಸ್ಸಿನಲ್ಲಿ ನಡೆಯುತ್ತಿರುವುದನ್ನು ಒಡೆಯರೆದುರು ಹೇಳುವ ಸ್ವಾತಂತ್ರ್ಯವಿಲ್ಲ; ಅವನ ಮೌನದೊಳಗೆ ಹೊಕ್ಕು, ಅವನ ಅಂಜಿಕೆಯನ್ನೂ ಚಾತುರ್ಯವನ್ನೂ ತಿಮ್ಮಿಯ ಮೇಲಣ ಬಯಕೆಯನ್ನೂ, ಹುಲಿಯನೆಂಬ ಆ ನಾಯಿಯ ಮೇಲಣ ಅಕ್ಕರೆಯನ್ನೂ ಬೆಳಕಿಗೆ ತರುವವರು ಕರ್ತೃವಲ್ಲದೆ ಬೇರೊಬ್ಬರಿಲ್ಲ. ಆ ನಾಯಿಗೆ ಕೂಡ ಕುವೆಂಪು ಅವರು ಕೊಟ್ಟ ಸಮಯವನ್ನೂ ಗೌರವವನ್ನೂ ನೋಡಿರಿ. ದೊಡ್ಡ ಹೆಗ್ಗಡೆಗಳಿಗೆ ಎಷ್ಟು ಪುಟಗಳೋ ಹುಲಿಯನ ಸುಖದುಃಖಗಳಿಗೂ ಅಷ್ಟೇ ತಾಳ್ಮೆಯಿಂದ ಪುಟಗಳು ಸಂದಿವೆ. ಹೂವಯ್ಯನನ್ನು ನಾನು ಗೌರವಿಸುತ್ತೇನೆ. ಗುತ್ತಿಯನ್ನು ಕುವೆಂಪು ಅವರು ಪ್ರೀತಿಸಿದರೆಂದು ಪ್ರತಿ ಪುಟದಲ್ಲಿಯೂ ಬಲ್ಲೆ.

ಹೀಗೆ ಸಾಕ್ಷಿಯಿಲ್ಲದವರು ಹೊರಗಿನ ಲೋಕದಲ್ಲಿ ಮಾತ್ರ ಇರುವುದಿಲ್ಲ. ಕರ್ತೃವಿನ ಸ್ವಂತ ಗತಕಾಲದಲ್ಲಿಯೂ ಇರುತ್ತಾರೆ. ಚಾರ್ಲ್ಸ್ ಡಿಕನ್ಸನು ಹನ್ನೆರಡು ವರ್ಷದ ಬಾಲಕನಾಗಿದ್ದ 1824ರಲ್ಲಿ ಅವನ ತಂದೆಯು ಸಾಲದ ದೆಸೆಯಿಂದ ಮಾರ್ಷಲ್‌ಸೀ ಸೆರೆಮನೆಯನ್ನು ಸೇರಿದನು. ಬಾಲಕನನ್ನು ಥೇಮ್ಸ್ ನದಿಯ ದಡದಲ್ಲಿದ್ದ ಬೂಟುಮಸಿಯ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಚ್ಚಿದರು. ತಂದೆ ಬಿಡುಗಡೆಯಾಗಿ, ಬಾಲಕನು ಆ ಕೆಲಸದಿಂದ ಪಾರಾಗುವ ಸಮಯ ಬಂದಾಗಲೂ ತಾಯಿಯು ಅವನನ್ನು ಅಲ್ಲಿಗೇ ಮರಳಿ ಕಳುಹಿಸಲು ಬಯಸಿದಳೆಂಬುದನ್ನು ಅವನು ಜೀವಮಾನದುದ್ದಕ್ಕೂ ಮರೆಯಲಿಲ್ಲ. ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ಲೇಖಕನಾದ ಮೇಲೂ ಈ ಸಂಗತಿಯನ್ನು ಲೋಕದಿಂದ ಮರೆಮಾಡಿ, ಆಪ್ತನಾದ ಜಾನ್ ಫಾರ್ಸ್ಟರನಿಗೆ ಮಾತ್ರ ತಿಳಿಸಿದ್ದನು. ಡಿಕನ್ಸನು ತೀರಿಕೊಂಡ ಬಳಿಕ ಫಾರ್ಸ್ಟರನು ಬರೆದ ಜೀವನಚರಿತ್ರೆಯಿಂದಲೇ ಅದು ಪ್ರಕಟವಾದುದು. ಆದರೆ ಅದಕ್ಕೆ ಎರಡು ದಶಕಗಳ ಮುನ್ನ, 1849-50ರಲ್ಲಿ ಬಿಡಿ ಸಂಚಿಕೆಗಳಾಗಿ ಬಂದ ಕಾದಂಬರಿಯೊಂದರಲ್ಲಿ, ಡೇವಿಡ್ ಕಾಪರ್‌ಫೀಲ್ಡ್ ಎಂಬ ಹುಡುಗನು ಒಂದು ಮದ್ಯದ ಉಗ್ರಾಣದಲ್ಲಿ ಬಾಟಲಿಗಳನ್ನು ತೊಳೆಯುತ್ತ ಯಾರೂ ಕಾಣದ ಅವಮಾನವನ್ನು ಅನುಭವಿಸಿದ್ದನು. ತನ್ನ ಕೃತಿಗಳಲ್ಲೆಲ್ಲ ಇದೇ ತನಗೆ ಅಚ್ಚುಮೆಚ್ಚಿನದೆಂದು ಡಿಕನ್ಸನು 1867ರ ಮುನ್ನುಡಿಯಲ್ಲಿ ಹೇಳಿದಾಗ ಓದುಗರಿಗೆ ಅದರ ಕಾರಣ ತಿಳಿದಿರಲಾರದು. ಕಾರ್ಖಾನೆಯ ಕಿಟಕಿಯ ಬಳಿ ಕುಳಿತ ಆ ಬಾಲಕನಿಗೆ ಅಂದು ಯಾರೂ ಸಾಕ್ಷಿಯಿರಲಿಲ್ಲ. ಕಾಲು ಶತಮಾನ ಕಳೆದ ಮೇಲೆ ಕಾದಂಬರಿಕಾರನೇ ಹಿಂದಿರುಗಿ ಹೋಗಿ ಅವನ ಪಕ್ಕದಲ್ಲಿ ನಿಲ್ಲಬೇಕಾಯಿತು.

ಎಸ್. ಎಲ್. ಭೈರಪ್ಪನವರ 'ಗೃಹಭಂಗ'ದ ನಂಜಮ್ಮನನ್ನು ನೆನೆದಾಗಲೂ ನನಗೆ ಇದೇ ತೋರುವುದು. 1970ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನೂ, ಅವರ ಆತ್ಮಕಥೆಯಾದ 'ಭಿತ್ತಿ'ಯನ್ನೂ ಒಟ್ಟಿಗೆ ಓದಿದವರಿಗೆ, ಪ್ಲೇಗಿಗೆ ತುತ್ತಾದ ಅವರ ತಾಯಿಯ ಬಾಳು ನಂಜಮ್ಮನೊಳಗೆ ಹೇಗೆ ಬೆರೆತಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಶಾನುಭೋಗನೆಂಬ ಹೆಸರು ಗಂಡ ಚೆನ್ನಿಗರಾಯನದು, ಲೆಕ್ಕದ ಪುಸ್ತಕಗಳಲ್ಲಿ ಬರೆದ ಕೈ ನಂಜಮ್ಮನದು. ಆ ಕೈಬರಹಕ್ಕೆ ಸರ್ಕಾರದ ದಫ್ತರಿನಲ್ಲಿ ಅವಳ ಹೆಸರಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಸಾಕಿದ ಹಳ್ಳಿಯ ಹೆಂಗಸರ ಲೆಕ್ಕವನ್ನು ಯಾವ ಚರಿತ್ರೆಕಾರನೂ ಬರೆಯುವುದಿಲ್ಲ. ಬದುಕುಳಿದ ಮಗನೊಬ್ಬನು ಲೇಖಕನಾದರೆ ಮಾತ್ರ ಅದು ಉಳಿಯುತ್ತದೆ. ಇಂಥ ಪಾತ್ರದ ಮೇಲೆ ಕರ್ತೃವಿಗಿರುವುದನ್ನು ಮೋಹವೆಂದು ಕರೆಯಲು ನನಗೆ ಮನಸ್ಸು ಬಾರದು. ಅದು ಋಣ. ಬೇರೆಲ್ಲಿಯೂ ತೀರಿಸಲು ಅವಕಾಶವಿಲ್ಲದ ಋಣ.

ನಮ್ಮ ವಿಮರ್ಶೆಯಲ್ಲಿ, ವಿಶೇಷವಾಗಿ ಪಾಠದ ಕೋಣೆಗಳಲ್ಲಿ ಬೇರೂರಿರುವ ಒಂದು ಮತವನ್ನು ಇಲ್ಲಿ ಎದುರಿಸುವುದು ಅಗತ್ಯ. ಕಲಾವಿದನು ನಿರ್ಲಿಪ್ತನಾಗಿರಬೇಕು, ಎಲ್ಲ ಪಾತ್ರಗಳನ್ನೂ ಸಮದೃಷ್ಟಿಯಿಂದ ಕಾಣಬೇಕು, ಯಾವುದೊಂದರ ಮೇಲೂ ಒಲವು ತೋರಿದರೆ ಕೃತಿ ಕೆಡುತ್ತದೆ ಎಂಬುದು ಆ ಮತ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ತನ್ನ ಪ್ರೀತಿಯ ನಾಯಕನಿಗೆ ಎಲ್ಲಿ ನೋವಾಗುವುದೋ ಎಂದು ಅಂಜಿ, ಅವನನ್ನು ಪ್ರತಿಯೊಂದು ಸಂಕಟದಿಂದಲೂ ಎತ್ತಿ ಪಾರುಮಾಡುತ್ತ, ಅವನಿಗೆ ಮುಪ್ಪೂ ಸೋಲೂ ಬಾರದಂತೆ ಕಾಯುತ್ತ ಸಂಪುಟದ ಮೇಲೆ ಸಂಪುಟ ಬರೆದವರನ್ನು ಎಲ್ಲ ಭಾಷೆಗಳಲ್ಲಿಯೂ ಕಾಣಬಹುದು. ಕಂಬಕ್ಕೆ ಬಿಗಿದ ಕರುವು ಹಗ್ಗದಳತೆಯಷ್ಟೇ ಮೇಯುವಂತೆ, ಅಂಥ ಪಾತ್ರವು ಕರ್ತೃವಿನ ಅಂಜಿಕೆಯ ಅಳತೆಯಷ್ಟೇ ಬೆಳೆದು ನಿಲ್ಲುತ್ತದೆ. ಆದರೆ ಆ ಅಂಜಿಕೆಗೂ ನಾನು ಹೇಳುತ್ತಿರುವ ಮಮತೆಗೂ ಬಹಳ ಅಂತರವಿದೆ. ಸಾಕ್ಷಿಯಾದವನು ಕಂಡುದನ್ನೆಲ್ಲ ಹೇಳಬೇಕು. ನೋವನ್ನು ಕಂಡಿದ್ದರೆ ನೋವನ್ನೂ, ಸಾವನ್ನು ಕಂಡಿದ್ದರೆ ಸಾವನ್ನೂ. ಕುವೆಂಪು ಅವರು ಹುಲಿಯನನ್ನು ತುಂಗೆಯ ನೆರೆಯಿಂದ ಉಳಿಸಲಿಲ್ಲ. ಭೈರಪ್ಪನವರು ನಂಜಮ್ಮನಿಗೆ ಪ್ಲೇಗನ್ನು ತಪ್ಪಿಸಲಿಲ್ಲ.

ಬಂಗಾಳದ ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ'ಯ ಬಗ್ಗೆ ಆ ಭಾಷೆಯ ಸಾಹಿತ್ಯವಲಯದಲ್ಲಿ ಪ್ರಸಿದ್ಧವಾದ ಒಂದು ವೃತ್ತಾಂತವಿದೆ. ಕಾದಂಬರಿಯ ಮೊದಲ ಕರಡಿನಲ್ಲಿ ಅಪುವಿನ ಅಕ್ಕ ದುರ್ಗೆಯೇ ಇರಲಿಲ್ಲವಂತೆ. ಭಾಗಲಪುರದಲ್ಲಿದ್ದಾಗ ಲೇಖಕರು ಒಂದು ದಿನ ಕೆದರಿದ ಕೂದಲಿನ ಹಳ್ಳಿಯ ಹುಡುಗಿಯೊಬ್ಬಳನ್ನು ಕಂಡರು. ಅವಳ ಕಣ್ಣುಗಳಲ್ಲಿದ್ದ ಯಾವುದೋ ಒಂದು ಭಾವವು ಅವರನ್ನು ಬಿಡಲಿಲ್ಲ. ಆಕೆಯಿಲ್ಲದೆ ಕಾದಂಬರಿ ಪೂರ್ಣವಾಗದೆಂದು ಬಗೆದು, ಬರೆದುದನ್ನು ಬದಿಗಿಟ್ಟು ಹೊಸದಾಗಿ ಬರೆದರು. 1929ರಲ್ಲಿ ಪುಸ್ತಕ ಹೊರಬಂದಿತು. ದುರ್ಗೆಯಿಲ್ಲದ ಆ ಕೃತಿಯನ್ನು ಇಂದು ಊಹಿಸಿಕೊಳ್ಳುವುದು ಕೂಡ ಕಷ್ಟ. ಹೀಗೆ ಬರೆದುದನ್ನು ಮತ್ತೆ ಬರೆಯುವ ಶ್ರಮವನ್ನು ವಹಿಸಿ ಕರೆತಂದ ಹುಡುಗಿಯನ್ನು, ಮಳೆಯಲ್ಲಿ ನೆನೆದು ಜ್ವರ ಹತ್ತಿ, ರೈಲನ್ನು ನೋಡುವ ಆಸೆಯನ್ನು ಪೂರೈಸಿಕೊಳ್ಳದೆಯೇ ಸಾಯಲು ಬಿಟ್ಟರು. ನಿರ್ಲಿಪ್ತತೆಯಿಂದ ಇಂಥದು ಸಾಧ್ಯವೇ? ದಾರಿಯಲ್ಲಿ ಎದುರಾಗಿ ಮರೆಯಾಗುವ ಸಾವಿರ ಬಡ ಹುಡುಗಿಯರಲ್ಲಿ ಒಬ್ಬಳಿಗೆ ತಾನು ಸಾಕ್ಷಿಯಾಗಲೇಬೇಕೆಂಬ ಹಠದಿಂದ ಮಾತ್ರ ಸಾಧ್ಯ.

ಇಂಥ ಬಾಂಧವ್ಯವಿದ್ದಲ್ಲಿ ಅನ್ಯರ ಹಸ್ತಕ್ಷೇಪವು ಕರ್ತೃವಿಗೆ ಎಷ್ಟು ಅಸಹನೀಯವೆಂಬುದನ್ನು ಅರಿಯಲು ಸ್ಪೇನಿನ ಸರ್ವಾಂಟಿಸನನ್ನು ನೋಡಬೇಕು. 'ಡಾನ್ ಕಿಹೋಟೆ'ಯ ಮೊದಲ ಭಾಗವು 1605ರಲ್ಲಿ ಪ್ರಕಟವಾಗಿ ಒಂಬತ್ತು ವರ್ಷಗಳಾದರೂ ಎರಡನೆಯ ಭಾಗವನ್ನು ಮುಗಿಸದಿದ್ದ ಆತನು, 1614ರಲ್ಲಿ ಆವೆಯನೇಡಾ ಎಂಬ ಕಲ್ಪಿತ ನಾಮದ ಮರೆಯಲ್ಲಿ ಮತ್ತೊಬ್ಬನು ತನ್ನ ನಾಯಕನನ್ನು ಅಪಹರಿಸಿ ಉತ್ತರಭಾಗವನ್ನು ಪ್ರಕಟಿಸಿದೊಡನೆ, ಮರು ವರ್ಷವೇ ತನ್ನದನ್ನು ಹೊರತಂದನು. ಆ ನಕಲಿ ಕೃತಿಯನ್ನು ತನ್ನ ಕಥೆಯೊಳಗೇ ಖಂಡಿಸಿದನು; ಅದರಲ್ಲಿ ಡಾನ್ ಕಿಹೋಟೆಯು ಸಾರಗೋಸಾ ನಗರಕ್ಕೆ ಹೋದನೆಂದು ಬರೆದಿದ್ದುದರಿಂದ ತನ್ನ ನಾಯಕನನ್ನು ಆ ದಾರಿಯಿಂದ ತಿರುಗಿಸಿ ಬಾರ್ಸಲೋನಾಕ್ಕೆ ಕಳುಹಿಸಿದನು; ಕೊನೆಯಲ್ಲಿ ಅವನ ಮರಣವನ್ನು ನೋಟರಿಯ ಸಮಕ್ಷಮದಲ್ಲಿ ನೋಂದಾಯಿಸುವಂತೆ ಸ್ಪಷ್ಟವಾಗಿ ಬರೆದು, ಇನ್ನಾರೂ ಅವನನ್ನು ಎಬ್ಬಿಸದಂತೆ ಮಾಡಿದನು. ಲೋಕವು ನಗೆಪಾಟಲಿಗೀಡುಮಾಡಿದ ಆ ವೃದ್ಧನ ಅಂತರಂಗದ ಗೌರವವನ್ನು ಕಂಡಿದ್ದವನು ತಾನೊಬ್ಬನೇ ಆಗಿರುವಾಗ, ಕಾಣದವನೊಬ್ಬನು ಬಂದು ಕಂಡಂತೆ ಹೇಳಿದುದೇ ಸರ್ವಾಂಟಿಸನಿಗೆ ತಡೆಯಲಾರದ ನೋವಾಗಿರಬೇಕು.

ಮೈಸೂರಿನವರೇ ಆಗಿಹೋಗಿದ್ದ ಆರ್. ಕೆ. ನಾರಾಯಣರು ಇಂಥದೇ ನೋವನ್ನು ಸೌಮ್ಯವಾಗಿ ಅನುಭವಿಸಿದರು. 1930ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ, ಅಜ್ಜಿಯು ಆರಿಸಿಕೊಟ್ಟ ಶುಭದಿನದಂದು ಒಂದು ನೋಟುಪುಸ್ತಕವನ್ನು ಕೊಂಡು ತಂದು ಬರೆಯಲು ಕುಳಿತಾಗ ಮಾಲ್ಗುಡಿಯ ರೈಲು ನಿಲ್ದಾಣವು ತಮ್ಮ ಕಣ್ಣ ಮುಂದೆ ತಾನಾಗಿ ಮೂಡಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಮಿಕ್ಕು ಅವರು ಆ ಊರನ್ನು ಬಿಟ್ಟು ಹೋಗಲಿಲ್ಲ. ಸ್ವಾಮಿನಾಥನೆಂಬ ಬಾಲಕನಾಗಲಿ, ಮಾರ್ಗದರ್ಶಿ ರಾಜುವಾಗಲಿ ಅವರಿಗೆ ಎಷ್ಟು ಪ್ರಿಯರೋ, ಸರಯೂ ನದಿಯೂ ಮೆಂಪಿ ಬೆಟ್ಟವೂ ಅಷ್ಟೇ ಪ್ರಿಯವಾದ ಪಾತ್ರಗಳಾಗಿದ್ದುವು. ಯಾವ ಭೂಪಟದಲ್ಲಿಯೂ ಇಲ್ಲದ ಆ ಪುಟ್ಟ ಊರಿಗೆ ಅವರೊಬ್ಬರೇ ಸಾಕ್ಷಿ. 1958ರ 'ದ ಗೈಡ್' ಕಾದಂಬರಿಯನ್ನು ಚಲನಚಿತ್ರವಾಗಿಸಲು ಬಂದವರಿಗೆ ನಾರಾಯಣರು ಮೈಸೂರಿನ ಸುತ್ತಮುತ್ತಲಿನ ನದಿದಡ, ಗುಡಿ, ಹಳ್ಳಿಗಳನ್ನು ತಾವೇ ಜೊತೆಗೂಡಿ ತೋರಿಸಿದರು. ಚಿತ್ರತಂಡವು ಅದನ್ನೆಲ್ಲ ಮೆಚ್ಚಿಕೊಂಡು ಹೋಗಿ, ಕೊನೆಗೆ ರಾಜಸ್ಥಾನದ ಅರಮನೆ ಸರೋವರಗಳ ನಡುವೆ ಚಿತ್ರೀಕರಣ ಮಾಡಿತು. 1965ರಲ್ಲಿ ತೆರೆಗೆ ಬಂದ ಆ ಚಿತ್ರವನ್ನು ಜನ ಮೆಚ್ಚಿದರು. ಅದರ ಸಂಗೀತವು ಇಂದಿಗೂ ಕಿವಿಗೆ ಇಂಪು. ಆದರೆ ಕರ್ತೃವಿಗೆ ತನ್ನ ಊರು ಅಲ್ಲಿ ಕಾಣಲಿಲ್ಲ. ಆ ವ್ಯಥೆಯನ್ನು ಅವರು ಒಂದು ಪ್ರಬಂಧವಾಗಿಯೇ ಬರೆದರು. ಎರಡು ದಶಕಗಳ ಬಳಿಕ ಶಂಕರನಾಗ್ ಅವರು ದೂರದರ್ಶನಕ್ಕಾಗಿ ಆಗುಂಬೆಯ ಬೀದಿಗಳಲ್ಲಿ 'ಮಾಲ್ಗುಡಿ ಡೇಸ್' ಚಿತ್ರಿಸಿದಾಗ ಆ ಊರು ಮೊದಲ ಬಾರಿಗೆ ಅದರ ನಿಜವಾದ ಅಳತೆಯಲ್ಲಿ ಕಾಣಿಸಿತೆಂದು ನಾನು ಎಣಿಸುತ್ತೇನೆ. ಜಗುಲಿ, ಹೆಂಚಿನ ಮಾಡು, ಒದ್ದೆ ಬೀದಿ, ಸಾಮಾನ್ಯ ಮುಖದ ಮನುಷ್ಯರು. ಹೆಚ್ಚಿನದೇನನ್ನೂ ಸೇರಿಸದಿದ್ದುದೇ ಆ ನಿರ್ದೇಶಕನು ಮೂಲಕರ್ತೃವಿಗೆ ಸಲ್ಲಿಸಿದ ಗೌರವ.

ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್ ಐವತ್ತು ವರ್ಷಗಳ ಕಾಲ, ಸಹಾಯಕರಿಲ್ಲದೆ, ಸದಾ ಸೋಲುವ ಚಾರ್ಲಿ ಬ್ರೌನ್ ಎಂಬ ಹುಡುಗನ ಚಿತ್ರಮಾಲೆಯನ್ನು ತಾನೊಬ್ಬನೇ ಬರೆದನು. ತನ್ನ ಬಳಿಕ ಬೇರೊಬ್ಬರು ಆ ಚಿತ್ರಮಾಲೆಯನ್ನು ಪತ್ರಿಕೆಗಳಿಗೆ ಹೊಸದಾಗಿ ಬರೆಯಕೂಡದೆಂಬುದು ಅವನ ಇಚ್ಛೆಯಾಗಿತ್ತು. 2000ದ ಫೆಬ್ರವರಿ 13ರಂದು ಕೊನೆಯ ಭಾನುವಾರದ ಚಿತ್ರ ಪ್ರಕಟವಾಗುವುದಕ್ಕೆ ಹಿಂದಿನ ರಾತ್ರಿ ಅವನು ತೀರಿಕೊಂಡನು. ಕುಟುಂಬದವರೂ ಪ್ರಕಾಶಕರೂ ಆ ಇಚ್ಛೆಯನ್ನು ಇಂದಿನವರೆಗೂ ಮನ್ನಿಸಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಅದು ನಷ್ಟದ ನಿರ್ಧಾರವೆಂದು ಎಣಿಸುವವರಿರಬಹುದು. ಮನ್ನಿಸಿದುದು ಸರಿಯೆಂದೇ ನನ್ನ ಅಭಿಪ್ರಾಯ.

ಕನ್ನಡದಲ್ಲಿ ಲೇಖಕರನ್ನು ಕಂಡೊಡನೆ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಈ ಪಾತ್ರವು ನಿಜಜೀವನದಲ್ಲಿ ಯಾರು? 'ಮೂಕಜ್ಜಿಯ ಕನಸುಗಳು' ಪ್ರಕಟವಾದಾಗ ಶಿವರಾಮ ಕಾರಂತರಿಗೆ ಅರವತ್ತಾರರ ಸಮೀಪದ ವಯಸ್ಸು. ಬಾಲ್ಯದಲ್ಲಿಯೇ ವಿಧವೆಯಾಗಿ, ಊರವರು ಮರುಳೆಂದು ಎಣ್ಣೆ ಬತ್ತಿಯ ಮೂಲೆಯಲ್ಲಿ ಬಿಟ್ಟ ಮುದುಕಿಯೊಬ್ಬಳ ಬಾಯಿಂದ ಸಾವಿರಾರು ವರ್ಷಗಳ ಮನುಷ್ಯಕುಲದ ನಂಬಿಕೆಗಳನ್ನು ಅವರು ಪರಿಶೀಲಿಸಿದರು. ಇಂಥ ಅಜ್ಜಿಯು ಕುಂದಾಪುರದ ಕಡೆಯ ಯಾವ ಮನೆಯಲ್ಲಿದ್ದಳೆಂದು ಹುಡುಕಿ ಹೊರಟರೆ ಒಂದು ವಿಳಾಸ ದೊರೆತೀತು. ತಮ್ಮ ಪ್ರಖರವಾದ ವಿಚಾರಗಳನ್ನು ನೇರವಾಗಿ ತಾವೇ ಹೇಳಬಲ್ಲವರಾಗಿದ್ದ ಕಾರಂತರು, ಯಾರೂ ಕಿವಿಗೊಡದ ಒಬ್ಬ ವೃದ್ಧೆಗೆ ಮೊಮ್ಮಗ ಸುಬ್ಬರಾಯನೆಂಬ ಶ್ರೋತೃವನ್ನು ಏಕೆ ಒದಗಿಸಿದರೆಂಬುದಕ್ಕೆ ಆ ವಿಳಾಸದಲ್ಲಿ ಉತ್ತರವಿರದು. ಯಾರನ್ನು ನೋಡಿ ಬರೆದಿರಿ ಎಂದು ಕೇಳುವುದಕ್ಕಿಂತ, ಯಾರ ಪರವಾಗಿ ಬರೆಯದಿರಲಾರದೆ ಹೋದಿರಿ ಎಂದು ಕೇಳಿದರೆ ಲೇಖಕರು ಮನಸ್ಸು ಬಿಚ್ಚಿ ಮಾತನಾಡಿಯಾರು.

ಇದನ್ನು ಬಾಯಿಮಾತಿನಲ್ಲಿ ಕೇಳುವುದಷ್ಟೇ ಸಾಲದು. ಕರಡುಗಳಲ್ಲಿ ನೋಡುವ ಅವಕಾಶವೂ ಇರಬೇಕು. ಡಿಕನ್ಸನ ಬಹುಪಾಲು ಕಾದಂಬರಿಗಳ ಹಸ್ತಪ್ರತಿಗಳು ಫಾರ್ಸ್ಟರನ ಮೂಲಕ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿದುದರಿಂದ, ಡೇವಿಡ್ ಕಾಪರ್‌ಫೀಲ್ಡನ ಹೆಸರಿಗಾಗಿ ಆತನು ಎಷ್ಟು ತಡಕಾಡಿದನು, ಎಲ್ಲಿ ಹೊಡೆದುಹಾಕಿ ಮತ್ತೆ ಬರೆದನು ಎಂಬುದೆಲ್ಲವನ್ನೂ ಅಭ್ಯಾಸಿಗಳು ಇಂದಿಗೂ ಕಣ್ಣಾರೆ ಕಾಣಬಹುದು. ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆ, ಮೈಸೂರಿನ ಯಾದವಗಿರಿಯಲ್ಲಿರುವ ನಾರಾಯಣರ ಮನೆ, ಪುತ್ತೂರಿನಲ್ಲಿರುವ ಕಾರಂತರ ಬಾಲವನ ಇವುಗಳನ್ನು ನಾವು ಸ್ಮಾರಕಗಳಾಗಿ ಕಾಪಾಡಿಕೊಂಡಿರುವುದು ಅಭಿಮಾನದ ಸಂಗತಿಯೇ ಸರಿ. ಬರೆದ ಕೋಣೆ, ಕುಳಿತ ಕುರ್ಚಿ, ಧರಿಸಿದ ಕೋಟು ಉಳಿದರೆ ಒಳ್ಳೆಯದೇ. ಆದರೆ ಇಂದು ಬರೆಯುತ್ತಿರುವವರಲ್ಲಿ ಅನೇಕರು ಕಂಪ್ಯೂಟರಿನಲ್ಲಿ ಬರೆದು, ತಿದ್ದಿದೊಡನೆ ಹಳೆಯದನ್ನು ಅಳಿಸಿಬಿಡುತ್ತಾರೆ. ಯಾವ ಪಾತ್ರವು ಎರಡನೆಯ ಕರಡಿನಲ್ಲಿ ಬಂದು ಸೇರಿತು, ಯಾರ ಸಾವನ್ನು ಲೇಖಕರು ಮೂರು ಬಾರಿ ಬರೆದು ಮೂರು ಬಾರಿ ಅಳಿಸಿದರು ಎಂಬುದರ ಕುರುಹು ಎಲ್ಲಿಯೂ ಉಳಿಯುವುದಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಹಳೆಗನ್ನಡದ ಓಲೆಗರಿಗಳನ್ನು ಸಂಗ್ರಹಿಸಿ, ಪಾಠಾಂತರಗಳನ್ನು ಗುರುತಿಸಿ ಸಂಪಾದಿಸಿದ ದೊಡ್ಡ ಪರಂಪರೆಯುಳ್ಳವು. ಅದೇ ಶ್ರದ್ಧೆಯಿಂದ ಜೀವಂತ ಲೇಖಕರ ಬಳಿಗೂ ಹೋಗಿ, ಅವರ ಕರಡುಗಳನ್ನೂ ಟಿಪ್ಪಣಿಗಳನ್ನೂ ಪತ್ರಗಳನ್ನೂ ಕೇಳಿ ಪಡೆದು, ಪಟ್ಟಿಮಾಡಿ, ಓದುಗರಿಗೆ ತೆರೆದಿಡುವ ಕೆಲಸವನ್ನು ಅವು ಈಗಲೇ ಕೈಗೊಳ್ಳಬೇಕು. ಲೇಖಕರೂ ತಿದ್ದುವುದಕ್ಕೆ ಮುನ್ನ ಒಂದು ಪ್ರತಿಯನ್ನು ತೆಗೆದಿರಿಸಬೇಕು.